ಮುಧೋಳ ಮರಿಗೆ ಹಗ್ಗದ ನಡಿಗೆ: ಎಳೆಯದೆ ಜೊತೆಗೆ ನಡೆಯಲು ಕಲಿಸುವ ಕ್ರಮ

ಆರು ತಿಂಗಳು ದಾಟಿದ ಮುಧೋಳ ನಾಯಿಯನ್ನು ಹಗ್ಗ ಹಾಕಿ ಬೀದಿಗಿಳಿಸಿದವರ ದೂರು ಸಾಮಾನ್ಯವಾಗಿ ಒಂದೇ: ತೋಳು ಕಿತ್ತು ಬರುವಂತೆ ಎಳೆಯುತ್ತದೆ. ಇದು ನಾಯಿಯ ಹಟವಲ್ಲ, ‘ಇಲ್ಲಿ ಯಜಮಾನ ಯಾರು’ ಎಂಬ ಪೈಪೋಟಿಯೂ ಅಲ್ಲ. ಬಯಲುಸೀಮೆಯಲ್ಲಿ ದೂರದ ಮೊಲವನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟಲೆಂದು ತಲೆಮಾರುಗಳಿಂದ ಬೆಳೆಸಿದ ತಳಿ ಇದು. ಗಂಟೆಗೆ ನಾಲ್ಕೈದು ಕಿಲೋಮೀಟರಿನ ನಮ್ಮ ನಡಿಗೆ ಅದರ ಉದ್ದನೆಯ ಕಾಲಿಗೆ ತೀರಾ ನಿಧಾನ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಎಳೆದಾಗಲೆಲ್ಲ ಅದು ಬಯಸಿದ ಕಡೆಗೆ ಮನೆಯವರು ಹೆಜ್ಜೆ ಹಾಕಿರುತ್ತಾರೆ. ಎಳೆದರೆ ಮುಂದೆ ಹೋಗಬಹುದು ಎಂಬುದನ್ನು ಅದು ದಿನಕ್ಕೆ ನೂರು ಸಲ ಕಲಿತಿರುತ್ತದೆ.

ಈಗ ಕಲಿಸಬೇಕಾದ್ದು ಅದರ ಉಲ್ಟಾ. ಹಗ್ಗ ಸಡಿಲವಿದ್ದರೆ ದಾರಿ ಸಾಗುತ್ತದೆ, ಬಿಗಿಯಾದರೆ ನಿಲ್ಲುತ್ತದೆ. ಪಾಠ ಇಷ್ಟೇ, ಆದರೆ ಮನೆಯ ಎಲ್ಲರೂ ಪ್ರತಿ ಸಲವೂ ಅದನ್ನೇ ಪಾಲಿಸಬೇಕು. ಕಷ್ಟವಿರುವುದು ಅಲ್ಲಿ. ಕೆಳಗಿನ ಕ್ರಮ ನಾಲ್ಕು ತಿಂಗಳಿನಿಂದ ಒಂದೂವರೆ ವರ್ಷದವರೆಗಿನ ಮುಧೋಳ ಮರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ನಾಟಿ ನಾಯಿ ಯಾವುದಿದ್ದರೂ ಹೆಚ್ಚಿನ ಭಾಗ ಹಾಗೆಯೇ ಅನ್ವಯಿಸುತ್ತದೆ.

ಓಟ ಬೇರೆ, ನಡಿಗೆ ಬೇರೆ

ಓಡಬೇಕೆಂಬ ತುಡಿತ ತುಂಬಿಕೊಂಡಿರುವ ನಾಯಿಗೆ ಹಗ್ಗದ ಪಾಠ ತಲೆಗೆ ಹತ್ತುವುದಿಲ್ಲ. ಬೆಳಗಿನಿಂದ ಕಟ್ಟಿಹಾಕಿದ್ದು, ಸಂಜೆ ಹತ್ತು ನಿಮಿಷ ಬೀದಿಗೆ ಕರೆದೊಯ್ದು, ಅಷ್ಟರಲ್ಲೇ ಶಿಸ್ತು ಬೇಕೆಂದರೆ ಅದು ಆಗದ ಮಾತು. ಸುತ್ತ ಬೇಲಿ ಅಥವಾ ಗೋಡೆ ಇರುವ ತೋಟ, ಬೀಗ ಹಾಕಬಹುದಾದ ಆಟದ ಮೈದಾನ, ದೊಡ್ಡ ಕಾಂಪೌಂಡು, ಹೀಗೆ ಎಲ್ಲಾದರೂ ದಿನಕ್ಕೆ ಒಮ್ಮೆ 15ರಿಂದ 20 ನಿಮಿಷ ಅದು ತನ್ನಿಷ್ಟದಂತೆ ಓಡಲಿ. ಬೇಲಿ ಕನಿಷ್ಠ ಆರಡಿ ಇರಬೇಕು. ನಾಲ್ಕಡಿಯ ಗೋಡೆಯನ್ನು ಹರೆಯದ ಮುಧೋಳ ಸಲೀಸಾಗಿ ಹಾರುತ್ತದೆ. ಓಡಿ ಬಂದ ಮೇಲೆ ಅರ್ಧ ಗಂಟೆ ನೆರಳಿನಲ್ಲಿ ಮಲಗಿಸಿ, ನೀರು ಕೊಡಿ, ಆಮೇಲೆ ಪಾಠ.

ಬೈಕಿಗೆ ಕಟ್ಟಿ ಓಡಿಸುವ ಪದ್ಧತಿ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ದಯವಿಟ್ಟು ಬೇಡ. ಮರಿಯ ಕಾಲಿನ ಎಲುಬು ಬೆಳೆಯುವ ತುದಿಗಳು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಮೆತ್ತಗೇ ಇರುತ್ತವೆ. ತಾನಾಗಿ ಓಡುವ ನಾಯಿ ದಣಿದಾಗ ನಿಲ್ಲುತ್ತದೆ. ಬೈಕಿಗೆ ಕಟ್ಟಿದ ನಾಯಿಗೆ ನಿಲ್ಲುವ ದಾರಿಯೇ ಇಲ್ಲ. ಡಾಂಬರಿನ ಮೇಲೆ ಪಾದದ ಮೆತ್ತೆ ಸವೆದು ರಕ್ತ ಬರುವುದೂ ಉಂಟು.

ಬೆಲ್ಟು, ಹಗ್ಗ, ತಿನಿಸು

ಮುಧೋಳದ ತಲೆ ಕಿರಿದು, ಕತ್ತು ಉದ್ದ ಮತ್ತು ಗಟ್ಟಿ. ಮಾಮೂಲಿ ಬಕಲ್ ಬೆಲ್ಟು ಎಷ್ಟು ಸರಿಯಾಗಿ ಹಾಕಿದರೂ ನಾಯಿ ಗಾಬರಿಯಾಗಿ ಹಿಂದಕ್ಕೆ ಜಗ್ಗಿದರೆ ಕಿವಿಯ ಮೇಲಿಂದ ಜಾರಿ ಬರುತ್ತದೆ. ಆಮೇಲೆ ಅದನ್ನು ಓಡಿ ಹಿಡಿಯುವವರು ಯಾರೂ ಇಲ್ಲ. ಆದ್ದರಿಂದ ಈ ತಳಿಗೆ ಮಾರ್ಟಿಂಗೇಲ್ ಬೆಲ್ಟು ಬೇಕು. ಇದರಲ್ಲಿ ಎರಡು ಕುಣಿಕೆ: ದೊಡ್ಡದು ಕತ್ತಿನ ಸುತ್ತ, ಚಿಕ್ಕದಕ್ಕೆ ಹಗ್ಗದ ಕೊಂಡಿ. ಹಗ್ಗ ಬಿಗಿಯಾದಾಗ ಬೆಲ್ಟು ಒಂದು ಮಿತಿಯವರೆಗೆ ಮಾತ್ರ ಕಿರಿದಾಗುತ್ತದೆ. ತಲೆಯಿಂದ ಜಾರದಷ್ಟು, ಉಸಿರು ಕಟ್ಟದಷ್ಟು. ಪೂರ್ತಿ ಬಿಗಿದಾಗ ಎರಡು ಉಂಗುರಗಳ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಉಂಗುರಗಳು ಒಂದಕ್ಕೊಂದು ತಾಗಿದರೆ ಬೆಲ್ಟು ದೊಡ್ಡದಾಯಿತೆಂದೇ ಅರ್ಥ. ಅಗಲ 4 ಸೆಂಟಿಮೀಟರಿಗೆ ಕಡಿಮೆ ಬೇಡ, ಒಳಬದಿ ಮೆತ್ತಗಿರಲಿ. ಈ ನಾಯಿಯ ಚರ್ಮ ತೆಳು, ಕೂದಲು ಗಿಡ್ಡ, ಉಜ್ಜಿದಲ್ಲಿ ಬೇಗ ಗಾಯವಾಗುತ್ತದೆ. ನಡಿಗೆ ಮುಗಿದೊಡನೆ ಈ ಬೆಲ್ಟನ್ನು ಬಿಚ್ಚಿಡಿ. ಚಿಕ್ಕ ಕುಣಿಕೆ ಗೇಟಿಗೋ ಗಿಡಕ್ಕೋ ಸಿಕ್ಕಿಕೊಂಡರೆ ಅಪಾಯ.

ಜೊತೆಗೆ ಒಂದು ಹಾರ್ನೆಸ್, ಅಂದರೆ ಕತ್ತಿನ ಬದಲು ಎದೆ, ಬೆನ್ನು ಬಳಸಿ ತೊಡಿಸುವ ಪಟ್ಟಿ. ಎದೆಯ ಮುಂದೆ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಪಟ್ಟಿ ಇರುವಂಥದ್ದೇ ಬೇಕು. ಭುಜಕ್ಕೆ ಅಡ್ಡ ಹಾಯುವ ಪಟ್ಟಿ ಮುಂಗಾಲಿನ ಚಲನೆಗೆ ಅಡ್ಡಿ. ಮುಧೋಳದ ಎದೆ ಆಳ, ಹೊಟ್ಟೆ ಸಣ್ಣ. ಹಾಗಾಗಿ ಸಾಮಾನ್ಯ ಹಾರ್ನೆಸ್ಸಿನಿಂದಲೂ ಹಿಮ್ಮುಖವಾಗಿ ನುಸುಳಿಬಿಡುತ್ತದೆ. ಪಕ್ಕೆಲುಬಿನ ಹಿಂದೆ, ಸೊಂಟ ಕಿರಿದಾಗುವಲ್ಲಿ ಇನ್ನೊಂದು ಹೊಟ್ಟೆಪಟ್ಟಿ ಇರುವ ಹಾರ್ನೆಸ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹೊಟ್ಟೆಯ ಸುತ್ತ ಬರುವ ಪಟ್ಟಿಗಳಲ್ಲಿ ಮುಂದಿನದು ಕಂಕುಳಿಗಿಂತ ಮೂರು ಬೆರಳು ಹಿಂದಿರಲಿ, ಯಾವ ಪಟ್ಟಿಯ ಕೆಳಗೂ ಎರಡು ಬೆರಳು ಆರಾಮವಾಗಿ ತೂರಬೇಕು.

ಹಗ್ಗ ಆರಡಿ ಉದ್ದ, 15ರಿಂದ 20 ಮಿಲಿಮೀಟರ್ ಅಗಲ, ಹತ್ತಿ ಅಥವಾ ಮೆತ್ತನೆಯ ಪಟ್ಟಿಯದು. ಕಬ್ಬಿಣದ ಚೈನು ಬೇಡವೇ ಬೇಡ. ಅದರ ಭಾರವೇ ಸದಾ ಕತ್ತನ್ನು ಜಗ್ಗುತ್ತಿರುತ್ತದೆ. ಸಡಿಲ ಯಾವುದು, ಬಿಗಿ ಯಾವುದು ಎಂದು ನಾಯಿಗೆ ತಿಳಿಯುವುದಾದರೂ ಹೇಗೆ? ಗುಂಡಿ ಒತ್ತಿದರೆ ಉದ್ದವಾಗಿ, ಮತ್ತೆ ಸುತ್ತಿಕೊಳ್ಳುವ ಡಬ್ಬಿಯ ಹಗ್ಗವೂ ಇದೇ ಕಾರಣಕ್ಕೆ ಕೆಟ್ಟದ್ದು: ಅದರಲ್ಲಿ ಎಳೆದಷ್ಟೂ ಹಗ್ಗ ಸಿಗುತ್ತದೆ. ಕುತ್ತಿಗೆ ಬಿಗಿಯುವ ಚೋಕ್ ಚೈನು, ಮುಳ್ಳಿನ ಬೆಲ್ಟು, ಕರೆಂಟ್ ಬೆಲ್ಟು ಇವುಗಳನ್ನು ಅಂಗಡಿಯವರು ‘ಜೋರು ನಾಯಿಗೆ ಇದೇ ಮದ್ದು’ ಎಂದು ಕೊಡುತ್ತಾರೆ. ಅವು ನೋವಿನಿಂದ ನಾಯಿಯನ್ನು ನಿಲ್ಲಿಸಬಲ್ಲವು, ನಡೆಯುವುದನ್ನು ಕಲಿಸಲಾರವು. ಎದುರಿಗೆ ಇನ್ನೊಂದು ನಾಯಿ ಬಂದಾಗಲೆಲ್ಲ ಕುತ್ತಿಗೆ ನೋಯುತ್ತಿದ್ದರೆ, ನಾಯಿ ಆ ನೋವನ್ನು ಎದುರಿನ ನಾಯಿಗೆ ಅಂಟಿಸಿಕೊಂಡು ಕಂಡಕಂಡಲ್ಲಿ ಮೇಲೆರಗಲು ಕಲಿಯುತ್ತದೆ. ಅಪರಿಚಿತರ ಕೈ ತಾಗಿದರೇ ಮುದುರಿಕೊಳ್ಳುವ ಮುಧೋಳದಂಥ ಸೂಕ್ಷ್ಮ ನಾಯಿಗೆ ಇದರ ಏಟು ಇನ್ನೂ ಆಳ.

ತಿನಿಸಿಗೆ ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿದ ಕೋಳಿ ಮಾಂಸ, ಬೇಯಿಸಿದ ಮೊಟ್ಟೆ ಅಥವಾ ಪನೀರ್. ಕಡಲೆಕಾಳಿನ ಗಾತ್ರದ ತುಣುಕು ಸಾಕು. 50 ಗ್ರಾಂ ಕೋಳಿಯಿಂದ ಸುಮಾರು ನೂರು ತುಣುಕಾಗುತ್ತದೆ, ಒಂದು ದಿನದ ಪಾಠ ಅದರಲ್ಲೇ ಮುಗಿಯುತ್ತದೆ. ಅಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಮಕ್ಕಳಿಗೂ ಇದನ್ನು ಹೇಳಿಡಿ.

ಮರಿಗೆ ಡಿಸ್ಟೆಂಪರ್, ಪಾರ್ವೊ ಲಸಿಕೆಗಳ ಸರಣಿ ಮುಗಿಯುವವರೆಗೆ, ಅಂದರೆ ಸುಮಾರು 16 ವಾರದವರೆಗೆ, ಬೀದಿಯ ನೆಲಕ್ಕೆ ಬಿಡಬೇಡಿ. ಮೂರು ತಿಂಗಳ ಹೊತ್ತಿಗೆ ಹಾಕಿಸುವ ರೇಬೀಸ್ ಲಸಿಕೆಯೂ ಆಗಿರಬೇಕು. ಅಲ್ಲಿಯವರೆಗೆ ಮನೆಯೊಳಗಿನ ಹಂತಗಳನ್ನು ಧಾರಾಳವಾಗಿ ಮಾಡಬಹುದು.

ಮನೆಯೊಳಗಿನ ಪಾಠ

ಮೊದಲು ಬೆಲ್ಟಿನ ಅಭ್ಯಾಸ. ಊಟದ ತಟ್ಟೆ ಇಡುವ ಮುಂಚೆ ಬೆಲ್ಟು ಹಾಕಿ, ಊಟ ಮುಗಿದ ಮೇಲೆ ಬಿಚ್ಚಿ. ಮೂರು ದಿನದಲ್ಲಿ ಬೆಲ್ಟು ಕಂಡರೆ ಬಾಲ ಆಡಿಸುತ್ತದೆ. ಹಾರ್ನೆಸ್ಸಿಗೂ ಇದೇ ಕ್ರಮ, ಆದರೆ ತಲೆಯ ಮೇಲೆ ಒತ್ತಿ ತೂರಿಸಬೇಡಿ. ಕುಣಿಕೆಯ ಆಚೆ ತಿನಿಸು ಹಿಡಿದರೆ ಮರಿ ತಾನೇ ತಲೆ ತೂರಿಸುತ್ತದೆ.

ಎರಡನೆಯದು ಒಂದು ಸಂಕೇತದ ಮಾತು. ‘ಭೇಷ್’ ಚೆನ್ನಾಗಿ ಒಪ್ಪುತ್ತದೆ. ಚಿಕ್ಕದು, ಖಡಕ್ಕಾದದ್ದು, ದಿನದ ಮಾತಿನಲ್ಲಿ ಪದೇ ಪದೇ ಬಾರದ್ದು. ನಾಯಿ ಎದುರಿಗಿರುವಾಗ ‘ಭೇಷ್’ ಎನ್ನಿ, ಒಂದು ಸೆಕೆಂಡಿನೊಳಗೆ ತುಣುಕು ಕೊಡಿ. ಒಂದು ಸಲಕ್ಕೆ 15 ಬಾರಿ, ದಿನಕ್ಕೆ ಎರಡು ಸಲ, ಎರಡು ದಿನ. ಮಾತು ಮೊದಲು, ಕೈ ಆಮೇಲೆ ಚಲಿಸಬೇಕು. ಎರಡೂ ಒಟ್ಟಿಗೆ ಆದರೆ ನಾಯಿ ಕೈಯನ್ನಷ್ಟೇ ನೋಡುತ್ತದೆ, ಮಾತಿಗೆ ಬೆಲೆ ಬರುವುದಿಲ್ಲ.

ಮೂರನೆಯದು ಹಗ್ಗವಿಲ್ಲದೆ ಜೊತೆ ನಡಿಗೆ. ನಡುಮನೆಯಲ್ಲಿ ನಿಮ್ಮ ಎಡಗಾಲಿನ ಪಕ್ಕಕ್ಕೆ ನಾಯಿ ಬಂದಾಗ ‘ಭೇಷ್’, ತುಣುಕು. ಕೊಡುವ ಜಾಗ ಮುಖ್ಯ: ಎಡ ತೊಡೆಗೆ ತಾಗಿಕೊಂಡಂತೆ, ನಾಯಿಯ ಬಾಯಿಯ ಎತ್ತರದಲ್ಲಿ. ಮುಂದಕ್ಕೆ ಕೈ ಚಾಚಿ ಕೊಟ್ಟರೆ ನಾಯಿ ನಿಮ್ಮ ಮುಂದೆ ಬಂದು ಅಡ್ಡ ನಿಲ್ಲಲು ಕಲಿಯುತ್ತದೆ. ನಡೆಯುವಾಗ ಕಾಲಿಗೆ ತೊಡರುವ ನಾಯಿಗಳೆಲ್ಲ ಹೀಗೇ ತಯಾರಾದವು. ಒಂದು ಹೆಜ್ಜೆಗೆ ಒಂದು ತುಣುಕಿನಿಂದ ಶುರು ಮಾಡಿ, ಎರಡು ಹೆಜ್ಜೆ, ಮೂರು, ಐದು, ನಡುವೆ ಮತ್ತೆ ಒಂದು. ಸದಾ ಏರಿಸುತ್ತಲೇ ಹೋದರೆ ನಾಯಿಗೆ ಬೇಸರ ಬರುತ್ತದೆ. ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ಸಲ. ನಾಯಿ ಇನ್ನೂ ಬೇಕು ಅನ್ನುತ್ತಿರುವಾಗಲೇ ನಿಲ್ಲಿಸಿ.

ನಾಲ್ಕನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಮ್ಮ ಲೆಕ್ಕದಲ್ಲಿ ಇಡೀ ಕಲಿಕೆಯ ಬುನಾದಿ ಇದೇ. ಹಗ್ಗದ ಎಳೆತ ಅಂದರೆ ‘ಇತ್ತ ಬಾ’ ಎಂದು ಕಲಿಸುವುದು. ಬೆಲ್ಟಿಗೆ ಹಗ್ಗ ಸಿಕ್ಕಿಸಿ ನಿಂತುಕೊಳ್ಳಿ. ಎರಡು ಬೆರಳಿನಲ್ಲಿ ಹಿಡಿದು, ಒಂದು ಲೋಟ ನೀರು ಎತ್ತುವಷ್ಟೇ ಬಲದಲ್ಲಿ ಪಕ್ಕಕ್ಕೆ ಎಳೆದು ಹಾಗೇ ಹಿಡಿದಿಡಿ. ಜಗ್ಗಬೇಡಿ, ಬಲ ಹೆಚ್ಚಿಸಬೇಡಿ, ಕರೆಯಲೂ ಬೇಡಿ. ನಾಯಿ ಸ್ವಲ್ಪ ಹೊತ್ತು ಗೊಂದಲದಲ್ಲಿ ನಿಲ್ಲುತ್ತದೆ, ಆಮೇಲೆ ತಲೆಯನ್ನೋ ಒಂದು ಕಾಲನ್ನೋ ನಿಮ್ಮ ಕಡೆ ವಾಲಿಸುತ್ತದೆ. ಹಗ್ಗ ಸಡಿಲವಾದ ಆ ಕ್ಷಣಕ್ಕೇ ‘ಭೇಷ್’, ತುಣುಕು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಒಂದೊಂದು ದಿಕ್ಕಿಗೆ ಐದು ಸಲ. ವಾರದೊಳಗೆ ಎಳೆತ ತಾಗಿದ ಕೂಡಲೇ ತಿರುಗಿ ನೋಡುವಂತಾದರೆ ಮುಂದಿನ ಕೆಲಸ ಅರ್ಧ ಮುಗಿದಂತೆ. ಬೀದಿಯಲ್ಲಿ ಹಗ್ಗ ಬಿಗಿಯಾದಾಗ ನಾಯಿ ಎದುರಿಗೆ ಜಗ್ಗುವ ಬದಲು ನಿಮ್ಮತ್ತ ಬರುವುದು ಈ ಅಭ್ಯಾಸದ ಬಲದಿಂದಲೇ.

ಹಗ್ಗ ಹಿಡಿಯುವ ಬಗೆ

ಹಗ್ಗದ ಹಿಡಿಕೆಗೆ ಬಲಗೈ ಹೆಬ್ಬೆರಳು ತೂರಿಸಿ ಮುಷ್ಟಿ ಮುಚ್ಚಿ, ಆ ಕೈ ಹೊಕ್ಕುಳಿನ ಹತ್ತಿರವೇ ಇರಲಿ. ಎಡಗೈ ಹಗ್ಗದ ಮೇಲೆ ಹಗುರವಾಗಿ ಜಾರಾಡಲಿ. ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ, ಬೆಳೆದ ಮುಧೋಳ 20 ಕಿಲೋ ಮೇಲಿರುತ್ತದೆ, ನಿಂತಲ್ಲಿಂದ ಒಮ್ಮೆಲೇ ಚಿಮ್ಮಿದರೆ ಮಣಿಕಟ್ಟೇ ಮುರಿದೀತು. ನಾಯಿ ಪಕ್ಕದಲ್ಲಿದ್ದಾಗ ಹಗ್ಗದ ನಡುಭಾಗ ಜೋತುಬಿದ್ದು ಕೊಂಡಿ ನೆಲದತ್ತ ತೂಗುತ್ತಿರಬೇಕು. ಅಂಜಿಕೆಯಿಂದ ಹಗ್ಗವನ್ನು ಗಿಡ್ಡ ಹಿಡಿದು ನಡೆಸುವವರೇ ಹೆಚ್ಚು. ಆಗ ನಾಯಿ ಸದಾ ಬಿಗಿಯಲ್ಲೇ ಇರುತ್ತದೆ, ಕಲಿಯುವುದು ಎಳೆಯುವುದನ್ನೇ.

ಟೆರೇಸು, ಗೇಟು, ಬೀದಿ

ಐದನೆಯ ಹಂತ ಟೆರೇಸು ಅಥವಾ ಕಾಂಪೌಂಡು. ಮೂರನೆಯ ಹಂತದ್ದನ್ನೇ ಹಗ್ಗದೊಂದಿಗೆ ಮಾಡಿ. ಮನೆಯೊಳಗೆ ಹತ್ತು ಹೆಜ್ಜೆ ನಡೆಯುತ್ತಿದ್ದ ನಾಯಿ ಇಲ್ಲಿ ಎರಡು ಹೆಜ್ಜೆಗೇ ತಪ್ಪುತ್ತದೆ. ಜಾಗ ಬದಲಾದರೆ ನಾಯಿಗೆ ಪಾಠವೂ ಹೊಸದು. ಮತ್ತೆ ಒಂದು ಹೆಜ್ಜೆಯಿಂದ ಶುರು ಮಾಡಿ. ಹತ್ತರಲ್ಲಿ ಎಂಟು ಸಲ ಸರಿ ಬಂದರೆ ಮುಂದಿನ ಜಾಗಕ್ಕೆ, ಐದಕ್ಕಿಂತ ಕಡಿಮೆ ಬಂದರೆ ಹಿಂದಿನ ಜಾಗಕ್ಕೆ.

ಗೇಟಿನ ಬಳಿ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ನಡಿಗೆ ಕೆಡುವುದು ಅಲ್ಲಿಂದಲೇ. ಕುಣಿದಾಡುತ್ತಿರುವ ನಾಯಿಗೆ ಹಗ್ಗ ಸಿಕ್ಕಿಸಬೇಡಿ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಸಿಕ್ಕಿಸಿ. ಗೇಟಿಗೆ ಕೈ ಹಾಕಿ. ನಾಯಿ ನುಗ್ಗಿದರೆ ಕೈ ಹಿಂದೆ ತೆಗೆಯಿರಿ. ಸುಮ್ಮನೆ ನಿಂತರೆ ಒಂದು ಗೇಣು ತೆರೆಯಿರಿ, ನುಗ್ಗಿದರೆ ಮುಚ್ಚಿ. ಮೊದಲ ದಿನ ಗೇಟು ದಾಟುವುದಕ್ಕೇ ಹತ್ತು ನಿಮಿಷ ಹಿಡಿಯಬಹುದು. ಹಿಡಿಯಲಿ. ಅವತ್ತಿನ ನಡಿಗೆ ಅಷ್ಟೇ ಎಂದುಕೊಳ್ಳಿ.

ಬೀದಿಗೆ ಮೊದಲು ಇಳಿಯಲು ಬೆಳಗಿನ ಆರು ಗಂಟೆಯ ಹೊತ್ತು ಒಳ್ಳೆಯದು. ಗಾಡಿ ಕಡಿಮೆ, ನೆಲವೂ ತಂಪು. ಬೇಸಿಗೆಯಲ್ಲಿ ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ಆ ರಸ್ತೆ ನಾಯಿಯ ಪಾದಕ್ಕೂ ಆಗದು. ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಏಳಾದರೂ ರಸ್ತೆ ಕಾದೇ ಇರುತ್ತದೆ.

ಮನೆಯ ಮುಂದಿನ 50 ಅಡಿ ಜಾಗದಲ್ಲೇ ಹಿಂದಕ್ಕೂ ಮುಂದಕ್ಕೂ ನಡೆಯಿರಿ. ಹಗ್ಗ ಬಿಗಿಯಾಗುವ ಮುನ್ನವೇ, ನಾಯಿಯ ಭುಜ ನಿಮ್ಮ ಮೊಣಕಾಲನ್ನು ದಾಟಿದ ಕೂಡಲೇ ‘ಬಾ’ ಎಂದು ಹೇಳಿ ಹಿಂದಕ್ಕೆ ತಿರುಗಿ. ತಿರುಗಿ ಬಂದು ಪಕ್ಕ ಸೇರಿದ ಗಳಿಗೆಗೆ ‘ಭೇಷ್’. ಬಿಗಿಯಾಗಿಯೇ ಬಿಟ್ಟರೆ ನಿಂತುಬಿಡಿ, ಮಾತು ಬೇಡ, ಜಗ್ಗುವುದು ಬೇಡ. ನಾಯಿ ಹಿಂದೆ ನೋಡಿ ಹಗ್ಗ ಸಡಿಲಿಸಿದ ಮೇಲೆ ಹೊರಡಿ. ಆದರೆ ಬರೀ ನಿಲ್ಲುವುದೇ ಆದರೆ ನಾಯಿ ಇನ್ನೊಂದು ತಂತ್ರ ಕಲಿಯುತ್ತದೆ: ಎಳೆ, ಹಿಂದೆ ಬಾ, ತುಣುಕು ತಿನ್ನು, ಮತ್ತೆ ಎಳೆ. ಇದನ್ನು ತಪ್ಪಿಸಲು, ಎಳೆದು ಹಿಂದೆ ಬಂದ ಮೇಲೆ ನಾಲ್ಕೈದು ಹೆಜ್ಜೆ ಚೆನ್ನಾಗಿ ನಡೆದ ನಂತರವೇ ತುಣುಕು ಕೊಡಿ.

ತಿನಿಸಿಗಿಂತ ದೊಡ್ಡ ಬಹುಮಾನ ಮೂಸುವುದು. ಕರೆಂಟ್ ಕಂಬದ ಹತ್ತಿರ ಬಂದಾಗ ಹಗ್ಗ ಸಡಿಲವಿದ್ದರೆ ‘ಹೋಗು’ ಎಂದು ಬಿಡಿ, ಒಂದು ನಿಮಿಷ ಮೂಸಲಿ. ಎಳೆದುಕೊಂಡು ಹೋದರೆ ಆ ಕಂಬ ಇಲ್ಲ. ಇಷ್ಟನ್ನು ತಪ್ಪದೆ ಮಾಡಿದರೆ ಜೇಬಿನ ತುಣುಕುಗಳು ತಾವಾಗಿ ಕಡಿಮೆಯಾಗುತ್ತವೆ.

ಇಲ್ಲಿ ಒಂದು ನಿಜವಾದ ತೊಡಕಿದೆ. ಪಾಠ ಮುಗಿಯಲು ತಿಂಗಳುಗಳು ಬೇಕು, ನಾಯಿ ಮೂತ್ರಕ್ಕೆ ಹೋಗಬೇಕಾದ್ದು ಈಗ. ಆಫೀಸಿಗೆ ಹೊರಟವರಿಗೆ ಪ್ರತಿ ಎಳೆತಕ್ಕೂ ನಿಲ್ಲುವ ಪುರಸೊತ್ತೂ ಇಲ್ಲ. ಇದಕ್ಕೆ ಎರಡು ಸಾಮಾನು, ಎರಡು ನಿಯಮ. ಹಗ್ಗ ಮಾರ್ಟಿಂಗೇಲ್ ಬೆಲ್ಟಿಗಿದ್ದರೆ ಪಾಠ, ನಿಯಮ ಖಡಕ್ಕು. ಹಗ್ಗ ಹಾರ್ನೆಸ್ಸಿನ ಬೆನ್ನಿನ ಉಂಗುರಕ್ಕಿದ್ದರೆ ಬಿಡುವು, ಸ್ವಲ್ಪ ಎಳೆದರೂ ನಡೆಯುತ್ತದೆ. ನಾಯಿಗಳು ಈ ವ್ಯತ್ಯಾಸವನ್ನು ಬಹಳ ಚೆನ್ನಾಗಿ ಹಿಡಿಯುತ್ತವೆ. 20 ನಿಮಿಷದ ಸುತ್ತಿನಲ್ಲಿ ಐದು ನಿಮಿಷ ಬೆಲ್ಟು, ಉಳಿದದ್ದು ಹಾರ್ನೆಸ್. ವಾರ ಕಳೆದಂತೆ ಬೆಲ್ಟಿನ ಪಾಲು ಹೆಚ್ಚಿಸಿ. ಅಜ್ಜ, ಅಜ್ಜಿ, ಮಕ್ಕಳು ಅಥವಾ ಕೆಲಸದವರು ಕರೆದೊಯ್ಯುವಾಗ ಹಾರ್ನೆಸ್ ಮಾತ್ರ. ಹೀಗೆ ಮಾಡಿದರೆ ಒಬ್ಬರು ಕಲಿಸಿದ್ದನ್ನು ಇನ್ನೊಬ್ಬರು ಕೆಡಿಸುವ ಗೋಜಿಲ್ಲ.

ಮೇಕೆ, ಅಳಿಲು, ಸ್ಕೂಟರು

ಕಣ್ಣಿಂದ ಬೇಟೆಯಾಡುವ ತಳಿಗೆ ಚಲಿಸುವ ವಸ್ತುವೇ ಪರೀಕ್ಷೆ. ನಾಯಿ ಚಿಮ್ಮುವ ಮೊದಲು ಎರಡು ಮೂರು ಸೆಕೆಂಡ್ ಸೂಚನೆ ಕೊಡುತ್ತದೆ: ಬಾಯಿ ಮುಚ್ಚುತ್ತದೆ, ಕಿವಿ ನಿಗುರುತ್ತದೆ, ಕತ್ತು ಉದ್ದವಾಗುತ್ತದೆ, ಮೈ ಕಲ್ಲಾಗುತ್ತದೆ. ಕೆಲಸ ಮಾಡಬೇಕಾದ್ದು ಅದಕ್ಕೂ ಮುಂಚೆ. ಮೇಕೆ 40 ಮೀಟರ್ ದೂರದಲ್ಲಿರುವಾಗ ನಾಯಿ ಅದನ್ನು ನೋಡಿದ ಕ್ಷಣಕ್ಕೇ ‘ಭೇಷ್’. ತಿರುಗಿ ತುಣುಕು ತಿಂದರೆ ಆ ದೂರ ಸರಿ. ತುಣುಕಿಗೆ ಮೂತಿಯನ್ನೇ ತಿರುಗಿಸದಿದ್ದರೆ ತೀರಾ ಹತ್ತಿರವಾಯಿತು, ಇನ್ನೂ ಹಿಂದೆ ಸರಿಯಿರಿ. ದೂರವನ್ನು ವಾರಕ್ಕೆ ಕೆಲವು ಮೀಟರಿನಂತೆ ಮಾತ್ರ ಕಡಿಮೆ ಮಾಡಿ.

ಉದ್ದನೆಯ ಹತ್ತು ಮೀಟರಿನ ಹಗ್ಗ ಬಳಸುವುದಾದರೆ ಹಾರ್ನೆಸ್ಸಿಗೆ ಮಾತ್ರ ಕಟ್ಟಿ, ಕತ್ತಿನ ಬೆಲ್ಟಿಗೆ ಎಂದೂ ಬೇಡ. ಹತ್ತು ಮೀಟರಿನಲ್ಲಿ ಮುಧೋಳ ಮುಟ್ಟುವ ವೇಗಕ್ಕೆ ಹಗ್ಗ ಮುಗಿದಾಗ ಬೀಳುವ ಹೊಡೆತ ಕತ್ತಿನ ಎಲುಬಿಗೇ ಪೆಟ್ಟು ಮಾಡಬಹುದು. ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಿ ಬಿಡುವುದನ್ನು ನಾವು ಒಪ್ಪುವುದಿಲ್ಲ, ಎಷ್ಟೇ ಕಲಿತ ನಾಯಿಯಾಗಿರಲಿ. ಮೊಲವೋ ಬೆಕ್ಕೋ ಎದ್ದರೆ ಕರೆದ ಕೂಗು ಅದರ ಕಿವಿಗೆ ಬೀಳುವುದಿಲ್ಲ, ಹೆದ್ದಾರಿ ಅದರ ಕಣ್ಣಿಗೆ ಕಾಣುವುದಿಲ್ಲ.

ಬೀದಿ ನಾಯಿಗಳು

ಪ್ರತಿ ಓಣಿಗೂ ಅದರದ್ದೇ ಗುಂಪು ಇದೆ. ಗುಂಪು ಎಲ್ಲಿ ಮಲಗುತ್ತದೆ ಎಂದು ಒಮ್ಮೆ ನೀವೊಬ್ಬರೇ ನಡೆದು ನೋಡಿಕೊಂಡು ದಾರಿ ಗೊತ್ತುಮಾಡಿ. ಎದುರಾದರೆ ಓಡಬೇಡಿ, ನಾಯಿಯನ್ನು ಎತ್ತಿಕೊಳ್ಳಬೇಡಿ, ಹಗ್ಗವನ್ನು ಗಿಡ್ಡ ಎಳೆಯಬೇಡಿ. ಬಿಗಿ ಹಗ್ಗದಲ್ಲಿ ಕತ್ತು ಮೇಲಾದ ನಾಯಿ ಎದುರಿನವಕ್ಕೆ ಜಗಳಕ್ಕೆ ನಿಂತಂತೆ ಕಾಣುತ್ತದೆ. ನೇರ ಎದುರಿಗೆ ಹೋಗದೆ ಬಿಲ್ಲಿನಂತೆ ಬಳಸಿ ಸಾಗಿ. ಬೆನ್ನಟ್ಟಿ ಬಂದರೆ ನಿಮ್ಮ ಚೀಲದ ತುಣುಕುಗಳಲ್ಲಿ ಒಂದು ಹಿಡಿಯನ್ನು ಅವುಗಳ ಮುಂದೆ ನೆಲಕ್ಕೆ ಎರಚಿ, ಸಮ ಹೆಜ್ಜೆಯಲ್ಲಿ ಹಿಂದಕ್ಕೆ ಬನ್ನಿ. ಮಳೆಗಾಲವಲ್ಲದಿದ್ದರೂ ಒಂದು ಕೊಡೆ ಕೈಯಲ್ಲಿದ್ದರೆ ಒಳ್ಳೆಯದು. ಫಟ್ಟನೆ ಬಿಚ್ಚಿದ ಕೊಡೆಗೆ ಹಲವು ಗುಂಪು ಹಿಂಜರಿಯುತ್ತವೆ. ನಿಮ್ಮ ನಾಯಿ ಆ ಸದ್ದಿಗೆ ಬೆದರದಂತೆ ಮನೆಯಲ್ಲೇ ಕೊಡೆ ಬಿಚ್ಚಿ, ತುಣುಕು ಕೊಟ್ಟು ಅಭ್ಯಾಸ ಮಾಡಿಸಿ. ನಿಮಗೆ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬೀಸ್ ಚುಚ್ಚುಮದ್ದು ತೆಗೆದುಕೊಳ್ಳಿ. ನಾಯಿಗೆ ಕಚ್ಚಿದ್ದರೆ ಲಸಿಕೆ ಆಗಿದ್ದರೂ ಪಶುವೈದ್ಯರಿಗೆ ತೋರಿಸಿ.

ಕೆಡುವುದು ಎಲ್ಲಿ

ಹಗ್ಗವನ್ನೇ ಕಚ್ಚಿ ಎಳೆದಾಡುವುದು ಹೆಚ್ಚಾಗಿ ದಣಿವಿನ, ಇಲ್ಲವೇ ಉದ್ರೇಕದ ಗುರುತು. ಕಿತ್ತುಕೊಂಡರೆ ಅದೇ ಆಟವಾಗುತ್ತದೆ. ಹಗ್ಗದ ಮೇಲೆ ಕಾಲಿಟ್ಟು ಸುಮ್ಮನೆ ನಿಂತು, ಬಿಟ್ಟ ಕೂಡಲೇ ನೆಲದ ಮೇಲೆ ನಾಲ್ಕು ತುಣುಕು ಚೆಲ್ಲಿ. ಹುಡುಕಿ ತಿನ್ನುವಷ್ಟರಲ್ಲಿ ತಣ್ಣಗಾಗುತ್ತದೆ.

ನಡುದಾರಿಯಲ್ಲಿ ಕೂತುಬಿಡುವ ಮರಿಯನ್ನು ಎಳೆಯಬಾರದು. ಹೆದರಿದೆಯೋ, ಪಾದ ಸುಡುತ್ತಿದೆಯೋ, ಮುಳ್ಳು ಚುಚ್ಚಿದೆಯೋ ನೋಡಿ. ಏನೂ ಇಲ್ಲದಿದ್ದರೆ ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಬಗ್ಗಿ ಕೂತು ಕಾಯಿರಿ. ನಡೆಯುವಾಗ ಪದೇ ಪದೇ ಕೆಮ್ಮುವುದು, ಕುಂಟುವುದು, ಕತ್ತು ಮುಟ್ಟಿದರೆ ಕುಯ್ಯೆನ್ನುವುದು ಇದ್ದರೆ ಪಾಠ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಮೈದಾನಕ್ಕೆ ಹೋಗುವಾಗ ಎಳೆದು, ಬರುವಾಗ ಸುಮ್ಮನೆ ಬರುವ ನಾಯಿಗಳು ಬಹಳ. ಹೋಗುವ ದಾರಿಯಲ್ಲೇ ಪಾಠ ಮಾಡಿ, ತಲುಪುವುದು ತಡವಾದರೂ ಚಿಂತೆಯಿಲ್ಲ; ಅದಕ್ಕೆ ಸಮಯವಿಲ್ಲದ ದಿನ ಹಾರ್ನೆಸ್ ಹಾಕಿ.

ಎಂಟು ತಿಂಗಳ ಹೊತ್ತಿಗೆ, ಎಲ್ಲ ಸರಿಯಾಯಿತು ಅನ್ನುವಾಗ, ನಾಯಿ ಒಮ್ಮೆಗೇ ಎಲ್ಲ ಮರೆತಂತೆ ಆಡುತ್ತದೆ. ಹರೆಯ ಅದು, ವಾಸನೆಗಳು ಹೊಸದಾಗಿ ಸೆಳೆಯುತ್ತವೆ, ಹಳೆಯ ತುಣುಕಿಗೆ ರುಚಿ ಕಡಿಮೆಯಾಗುತ್ತದೆ. ಬೈದು ಪ್ರಯೋಜನವಿಲ್ಲ. ಎರಡು ಹಂತ ಹಿಂದೆ ಹೋಗಿ, ಪನೀರಿನ ಬದಲು ಕೋಳಿ ಹಿಡಿದು, ಟೆರೇಸಿನಿಂದ ಮತ್ತೆ ಶುರು ಮಾಡಿ. ಈ ಸಲ ಮೊದಲಿಗಿಂತ ಬೇಗ ಹತ್ತುತ್ತದೆ. ನಿಶ್ಶಬ್ದ ಬೀದಿಯಲ್ಲಿ ಸಡಿಲ ಹಗ್ಗದಲ್ಲಿ ನಡೆಯಲು ಎರಡು ತಿಂಗಳು ಸಾಕಾಗಬಹುದು. ಸಂತೆ ಬೀದಿಯಲ್ಲಿ, ಮೇಕೆ ಮಂದೆಯ ಪಕ್ಕ ಹಾಗೆ ನಡೆಯಲು ಅದಕ್ಕೆ ಒಂದೂವರೆ ವರ್ಷ ತುಂಬಬೇಕು.